ನಾಲ್ಕು ಸಲ ಓದಿದ್ದು ಪರೀಕ್ಷೆಯಲ್ಲಿ ಯಾಕೆ ನೆನಪಾಗುವುದಿಲ್ಲ?

ಪ್ರಶ್ನೆ: ಸರ್, ನಮಸ್ಕಾರ. ನಾನು ಎಂಎ ಇತಿಹಾಸ ಓದುತ್ತಿದ್ದೇನೆ. ಮಾನ್ವಿ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ರಾಯಚೂರಿಗೆ ಹೋಗಿಬರುತ್ತೇನೆ. ನೋಟ್ಸನ್ನು ಮೂರ್ನಾಲ್ಕು ಸಲ ಓದುತ್ತೇನೆ. ಓದುವಾಗ ಎಲ್ಲಾ ತಿಳಿದ ಹಾಗೇ ಇರುತ್ತದೆ. ಪರೀಕ್ಷೆಯಲ್ಲಿ ಎರಡು ಸಾಲು ಬರೆದು ನಿಂತುಬಿಡುತ್ತೇನೆ. ನನಗೆ ನೆನಪಿನ ಶಕ್ತಿ ಕಡಿಮೆಯಾ? ಒಳ್ಳೆಯ ಪುಸ್ತಕಗಳು ಇಂಗ್ಲಿಷಿನಲ್ಲೇ ಇರುವುದೂ ಕಷ್ಟವಾಗಿದೆ. ಪರೀಕ್ಷೆಗೆ ಇನ್ನು 20 ದಿನ ಇದೆ.

ಉತ್ತರ: ಮೊದಲು ಒಂದು ಮಾತು. ನಿಮ್ಮ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಇದೇ ಪ್ರಶ್ನೆಯನ್ನು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಮಕ್ಕಳು ನನ್ನ ಹತ್ತಿರ ಕೇಳಿದ್ದಾರೆ. ಅವರಲ್ಲಿ ಹೆಚ್ಚಿನವರು ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಒಂದು ಪೇಪರ್ ಕೆಟ್ಟರೆ ಸಾಕು, ‘ಇದು ನಮ್ಮಂಥವರಿಗೆ ಆಗುವ ಕೆಲಸ ಅಲ್ಲ’ ಅಂದುಕೊಂಡುಬಿಡುತ್ತಾರೆ. ಕೇಳಿದಾಗೆಲ್ಲ ಸಂಕಟವಾಗುತ್ತದೆ. ಅವರು ಬೇಕಾದಷ್ಟು ಓದಿರುತ್ತಾರೆ. ಓದಿದ್ದನ್ನು ಪುಸ್ತಕ ಮುಚ್ಚಿಟ್ಟು ಹೊರಗೆ ತೆಗೆಯುವುದನ್ನು ಮಾತ್ರ ಅವರಿಗೆ ಯಾರೂ ರೂಢಿ ಮಾಡಿಸಿರುವುದಿಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೀರಿ ಅಂದುಕೊಳ್ಳಿ. ಯಾರೋ ಎದುರು ಬಂದು ನಗುತ್ತಾರೆ. ಮುಖ ಗೊತ್ತು, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಪಕ್ಕದವರು ಹೆಸರು ಹೇಳಿದ ತಕ್ಷಣ ‘ಹೌದಲ್ಲ, ನನಗೂ ಗೊತ್ತಿತ್ತು’ ಅನ್ನುತ್ತೀರಿ. ಗುರುತು ಹಿಡಿಯುವುದು ಬೇರೆ, ನಾವಾಗಿಯೇ ನೆನಪಿಸಿಕೊಳ್ಳುವುದು ಬೇರೆ. ನೋಟ್ಸನ್ನು ನಾಲ್ಕನೇ ಸಲ ಓದುವಾಗ ನೀವು ಗುರುತು ಹಿಡಿಯುತ್ತಿದ್ದೀರಿ. ಸಾಲುಗಳು ಪರಿಚಯದ ಮುಖಗಳ ಹಾಗೆ ಕಾಣುತ್ತವೆ. ಪರೀಕ್ಷೆ ಕೇಳುವುದು ಹೆಸರನ್ನು, ಅದೂ ಪಕ್ಕದವರ ಸಹಾಯ ಇಲ್ಲದೆ.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಕೊಟ್ಟರು. ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ಪಾಠ ತೆಗೆದಿಟ್ಟು, ನೆನಪಿದ್ದಷ್ಟನ್ನು ಬರೆಸಿದರು. 5 ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು. ಅದರಲ್ಲಿ ಶೇ. 81, ಓದಿ ಬರೆದದ್ದರಲ್ಲಿ ಶೇ. 75 ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ. 42, ಓದಿ ಬರೆದದ್ದರಲ್ಲಿ ಶೇ. 56. ಪರೀಕ್ಷೆ ಅನ್ನುವುದು ಓದಿದ ಐದು ನಿಮಿಷಕ್ಕೆ ಬರುವುದಿಲ್ಲ, ಅಲ್ವಾ?

ಇದರಲ್ಲಿ ಒಂದು ಕಷ್ಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮತ್ತೆ ಮತ್ತೆ ಓದುವುದು ಮನಸ್ಸಿಗೆ ಹಿತ. ಪುಸ್ತಕ ಮುಚ್ಚಿ ಬರೆಯಲು ಕೂತರೆ ಖಾಲಿ ಹಾಳೆ ಭಯ ಹುಟ್ಟಿಸುತ್ತದೆ. ಮೂರು ಸಾಲಿಗೆ ಪೆನ್ನು ನಿಲ್ಲುತ್ತದೆ. ಆಗ ‘ನನಗೇನೂ ಬರಲ್ಲ’ ಅನಿಸಿ ಮತ್ತೆ ನೋಟ್ಸ್ ತೆರೆಯುತ್ತೇವೆ. ಅಲ್ಲೇ ಇನ್ನೊಂದೆರಡು ನಿಮಿಷ ಕೂರಬೇಕು. ತಡಕಾಡುವ ಆ ಹೊತ್ತಿನಲ್ಲೇ ನೆನಪು ಗಟ್ಟಿಯಾಗುವುದು.

ಈಗ ನಿಮ್ಮದೇ ವಿಷಯಕ್ಕೆ, ನಿಮ್ಮದೇ ಜಿಲ್ಲೆಗೆ ಬರೋಣ. ‘ಮಸ್ಕಿ ಶಾಸನದ ಮಹತ್ವವನ್ನು ವಿವರಿಸಿ’ ಅನ್ನುವ ಪ್ರಶ್ನೆ ತೆಗೆದುಕೊಳ್ಳಿ. ಕೈಯಿಂದ ಕೈಗೆ ಹೋಗುವ ಝೆರಾಕ್ಸ್ ನೋಟ್ಸಿನಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ: 1915ರಲ್ಲಿ ಸಿ. ಬೀಡನ್ ಪತ್ತೆ ಮಾಡಿದರು, ಇದರಲ್ಲಿ ಅಶೋಕನ ಹೆಸರಿದೆ, ಆದ್ದರಿಂದ ಇದು ಮಹತ್ವದ್ದು. ಬಾಯಿಪಾಠ ಮಾಡಿದರೆ ಬರುವುದು ಸರಿಯಾಗಿ ಎರಡು ಸಾಲು. ನೀವು ನಿಂತುಬಿಡುವುದು ಅಲ್ಲೇ.

ಆ ಸಾಲುಗಳಿಗೆ ಪ್ರಶ್ನೆ ಕೇಳಿ ನೋಡಿ. ಈ ಬೀಡನ್ ಯಾರು? ಚಿನ್ನದ ಗಣಿ ಕೆಲಸದ ಎಂಜಿನಿಯರ್. ಹಟ್ಟಿಯ ಚಿನ್ನದ ಗಣಿ ಅದೇ ಸೀಮೆಯಲ್ಲಿದೆ. ಆಗ ಈ ಪ್ರದೇಶ ಯಾರ ಆಳ್ವಿಕೆಯಲ್ಲಿತ್ತು? ಹೈದರಾಬಾದಿನ ನಿಜಾಮರದು. ಇನ್ನು ಮುಖ್ಯವಾದ ಪ್ರಶ್ನೆ. 1915ಕ್ಕೆ ಮೊದಲು ಅಶೋಕನ ವಿಷಯ ಯಾರಿಗೂ ಗೊತ್ತಿರಲಿಲ್ಲವಾ? ಗೊತ್ತಿತ್ತು. ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೇ ಆ ಕಾಲದ ಶಾಸನಗಳ ಬ್ರಾಹ್ಮಿ ಲಿಪಿ ಓದಿದ್ದರು. ಆದರೆ ಅವರಿಗೆ ಸಿಕ್ಕ ಶಾಸನಗಳಲ್ಲಿ ರಾಜನ ಹೆಸರು ‘ದೇವಾನಂಪಿಯ ಪಿಯದಸಿ’, ಅಂದರೆ ದೇವರಿಗೆ ಪ್ರಿಯನಾದ ಪಿಯದಸಿ, ಎಂದಷ್ಟೇ ಇತ್ತು. ಆ ಪಿಯದಸಿಯೇ ಅಶೋಕ ಎಂದು ಶ್ರೀಲಂಕಾದಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾರ್ಜ್ ಟರ್ನರ್ ತೋರಿಸಿದ್ದು ಶ್ರೀಲಂಕಾದ ಪಾಲಿ ಗ್ರಂಥದ ಆಧಾರದಿಂದ. ಕಲ್ಲೇ ಆ ಹೆಸರನ್ನು ಹೇಳಿರಲಿಲ್ಲ. ಸುಮಾರು 78 ವರ್ಷದ ನಂತರ ಮಸ್ಕಿಯ ಬಂಡೆ ‘ಅಶೋಕ’ ಅಂತ ಹೆಸರಿಟ್ಟು ಹೇಳಿತು. ಮಹತ್ವ ಇರುವುದು ಅಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಂನಲ್ಲೂ ಅದೇ ಹೆಸರು ಸಿಕ್ಕಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿವೆ. ಹಾಗಾದರೆ ತುಂಗಭದ್ರೆಯ ಆಸುಪಾಸಿನಲ್ಲೇ ಯಾಕೆ ಇಷ್ಟು ಶಾಸನಗಳು? ಈ ಪ್ರಶ್ನೆಯನ್ನು ತರಗತಿಯಲ್ಲಿ ನಿಮ್ಮ ಮೇಷ್ಟ್ರಿಗೆ ಕೇಳಿ. ಒಳ್ಳೆಯ ಚರ್ಚೆ ಆಗುತ್ತದೆ.

ಎರಡು ಸಾಲಿದ್ದದ್ದು ಈಗ ಎರಡು ಪುಟಕ್ಕೆ ಆಗುವಷ್ಟಾಯಿತು. ನೆನಪಿಡುವುದು ಜಾಸ್ತಿಯಾಯಿತು ಅನಿಸುತ್ತದಾ? ನಿಜವಾಗಿ ಸುಲಭವಾಯಿತು. ಒಂದರ ಕೈ ಹಿಡಿದು ಇನ್ನೊಂದು ಬರುತ್ತದೆ. ಬೀಡನ್ ಬಂದರೆ ಹಟ್ಟಿ, ಪಿಯದಸಿ ಬಂದರೆ ಪ್ರಿನ್ಸೆಪ್.

ನೋಟ್ಸನ್ನೂ ಹೀಗೇ ಮಾಡಿಕೊಳ್ಳಿ. ಹಾಳೆಯ ಎಡಗಡೆ ಮೂರು ಬೆರಳಿನಷ್ಟು ಜಾಗ ಬಿಡಿ. ಬಲಗಡೆ ಪಾಠ. ಅದೇ ದಿನ ಸಂಜೆ ಎಡಗಡೆಯಲ್ಲಿ ಪ್ರಶ್ನೆ ಬರೆಯಿರಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಜನಪ್ರಿಯ ಮಾಡಿದ ಪದ್ಧತಿ ಇದು. ಮರುದಿನ ಬಸ್ಸಿನಲ್ಲಿ ಬಲಗಡೆಯನ್ನು ಕೈಯಿಂದ ಮುಚ್ಚಿ, ಪ್ರಶ್ನೆ ಮಾತ್ರ ನೋಡಿ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ನಿಂತುಕೊಂಡು ಹೋಗುವ ಬಸ್ಸಿನಲ್ಲಿ ಪುಟ ಪುಟ ಓದುವುದು ಆಗದು. ಇದು ಆಗುತ್ತದೆ. ಮಾನ್ವಿಯಿಂದ ರಾಯಚೂರಿನವರೆಗಿನ ದಾರಿಯನ್ನು ಹಾಳಾದ ಸಮಯ ಅಂತ ಲೆಕ್ಕ ಹಾಕಬೇಡಿ.

ಇಂಗ್ಲಿಷ್ ಪುಸ್ತಕದ ಮಾತು. ಕನ್ನಡ ಮಾಧ್ಯಮದಿಂದ ಬಂದವರು ಡಿಕ್ಷನರಿ ಹಿಡಿದು ಪದ ಪದಕ್ಕೂ ಅರ್ಥ ಹುಡುಕುತ್ತಾ ಒಂದು ಪುಟಕ್ಕೇ ಸುಸ್ತಾಗುತ್ತಾರೆ. ನಾನೂ ಹಾಗೇ ಸುಸ್ತಾದವನು. ನಾನು ಓದಿದ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು, ಒಂದು ಪುಸ್ತಕವನ್ನೂ ಕೈಗೆ ಕೊಡಲಿಲ್ಲ. ಎಂಎಗೆ ಬಂದಾಗ ಪುಸ್ತಕ ಓದುವುದು ಹೇಗೆ ಅನ್ನುವುದೇ ಗೊತ್ತಿರಲಿಲ್ಲ. ಆಮೇಲೆ ನನಗೆ ದಾರಿ ತೋರಿಸಿದ್ದು ಇದು. ಮೊದಲು ಅದೇ ವಿಷಯವನ್ನು ಕನ್ನಡದಲ್ಲಿ ಚಿಕ್ಕದಾಗಿ ಓದಿ. ಕಥೆ ಗೊತ್ತಾದ ಮೇಲೆ ಇಂಗ್ಲಿಷ್ ಅಧ್ಯಾಯದ ಮೊದಲ ಪ್ಯಾರಾ, ಕೊನೆಯ ಪ್ಯಾರಾ, ನಡುವಿನ ಪ್ರತಿ ಪ್ಯಾರಾದ ಮೊದಲ ಸಾಲು ಓದಿ. ಒಂದೇ ಪದ ಮೂರು ಸಲ ಎದುರಾದರೆ ಮಾತ್ರ ಅರ್ಥ ನೋಡಿ. ಆಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನು ನಿಮ್ಮ ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಐದು ಸಾಲು ಬರೆಯಿರಿ. ಬರೆಯಲು ಬರದಿದ್ದರೆ ಓದಿದ್ದು ಇನ್ನೂ ತಿಳಿದಿಲ್ಲ ಅಂತ. ಆ ಭಾಗಕ್ಕೆ ಮಾತ್ರ ಮತ್ತೆ ಹೋಗಿ. ಅಂದ ಹಾಗೆ, ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆಯುತ್ತೀರೋ ಅಭ್ಯಾಸದ ಉತ್ತರವನ್ನೂ ಅದೇ ಭಾಷೆಯಲ್ಲಿ ಬರೆಯಬೇಕು.

ಇನ್ನು ಆ 20 ದಿನ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಳ್ಳಿ. ದಿನಕ್ಕೆ ಎರಡು ದೊಡ್ಡ ಪ್ರಶ್ನೆ ಸಾಕು. ಒಂದು ಸಲ ಓದಿ, ಮುಚ್ಚಿ, ಬರೆಯಿರಿ. ನೋಟ್ಸ್ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಎರಡು ದಿನ ಬಿಟ್ಟು ಅದೇ ಪ್ರಶ್ನೆಗೆ ಮುಖ್ಯ ಅಂಶಗಳನ್ನಷ್ಟೇ ನೆನಪಿನಿಂದ ಬರೆಯಿರಿ. ವಾರ ಬಿಟ್ಟು ಇನ್ನೊಮ್ಮೆ. ಒಂದೇ ದಿನ ಮೂರು ಸಲ ಮಾಡುವುದಕ್ಕಿಂತ ಹೀಗೆ ಬಿಡುವು ಕೊಟ್ಟು ಮಾಡಿದ್ದು ಹೆಚ್ಚು ಕಾಲ ಉಳಿಯುತ್ತದೆ. ಕೊನೆಯ ವಾರದಲ್ಲಿ ಎರಡು ಪೂರ್ತಿ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. 3 ಗಂಟೆಯ, 80 ಅಂಕದ ಪತ್ರಿಕೆಯಾದರೆ 15 ಅಂಕದ ಉತ್ತರಕ್ಕೆ ಸಿಗುವುದು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಎಷ್ಟು ಪುಟ ನಿಮ್ಮ ಕೈಗೆ ಆಗುತ್ತದೆ ಅನ್ನುವುದು ಮನೆಯಲ್ಲೇ ಗೊತ್ತಾಗಬೇಕು. ಹಿಂದಿನ ರಾತ್ರಿ ಮಾತ್ರ ನಿದ್ದೆ ಕೆಡಬೇಡಿ. ಓದಿದ್ದು ತಲೆಯಲ್ಲಿ ಕೂರುವುದಕ್ಕೆ ನಿದ್ದೆ ಬೇಕೇ ಬೇಕು.

ಉತ್ತರದ ಮೊದಲ ಸಾಲಲ್ಲೇ ಪ್ರಶ್ನೆ ಕೇಳಿದ್ದನ್ನು ಹೇಳಿಬಿಡಿ. ಮಹತ್ವ ಕೇಳಿದರೆ ಮಹತ್ವ ಏನು ಅಂತ. ‘ಭಾರತವು ಪ್ರಾಚೀನ ಇತಿಹಾಸವುಳ್ಳ ದೇಶ’ ಎಂದು ಸುಮ್ನೆ ಅರ್ಧ ಪುಟ ತುಂಬಿಸಬೇಡಿ.

ಹಾಲ್‌ನಲ್ಲಿ ಎರಡು ಸಾಲಿಗೆ ಪೆನ್ನು ನಿಂತರೆ ಗಾಬರಿಯಾಗಬೇಡಿ. ಉತ್ತರ ಪತ್ರಿಕೆಯ ಕೊನೆಯ ಪುಟಕ್ಕೆ ಹೋಗಿ, ಮೇಲೆ ‘ರಫ್’ ಎಂದು ಬರೆಯಿರಿ. ಕೆಳಗೆ ಯಾರು, ಯಾವಾಗ, ಎಲ್ಲಿ, ಅದಕ್ಕೆ ಮೊದಲು ಏನಿತ್ತು, ಆಮೇಲೆ ಏನಾಯಿತು ಅಂತ ಹಾಕಿ. ಒಂದೊಂದರ ಮುಂದೆ ನೆನಪಾದ ಒಂದೇ ಪದ ಸಾಕು. ಉತ್ತರ ಮುಗಿದ ಮೇಲೆ ಆ ರಫ್ ಮೇಲೆ ಅಡ್ಡಗೆರೆ ಎಳೆಯಲು ಮರೆಯಬೇಡಿ.