ಕೋವಿಗೆ ಹೊಸ ಟ್ರಿಗರ್ ಹಾಕಿಸುವ ಮೊದಲು

ಆಗಸ್ಟ್ ಬಂತೆಂದರೆ ವಿರಾಜಪೇಟೆಯ ನಮ್ಮ ಕೋವಿ ರಿಪೇರಿ ಅಂಗಡಿಗೆ ಒಂದೇ ಬಗೆಯ ಗಿರಾಕಿಗಳು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಹತ್ತಿರ ಬಂದಿರುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಸರು ಕೊಟ್ಟಾಗಿರುತ್ತದೆ. ಪಾಯಿಂಟ್ 22 ಸೆಮಿ ಆಟೊಮ್ಯಾಟಿಕ್ ರೈಫಲನ್ನು (ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬಿಕೊಳ್ಳುವಂಥದ್ದು) ಮೇಜಿನ ಮೇಲಿಟ್ಟು, ಮೊಬೈಲಿನಲ್ಲಿ ಯಾವುದೋ ವಿಡಿಯೊ ತೋರಿಸಿ ಕೇಳುತ್ತಾರೆ: “ಅಣ್ಣ, ಕಂಪನಿ ಟ್ರಿಗರ್ ತೆಗೆದು ಇದನ್ನು ಹಾಕೋಣವಾ? ಬ್ಯಾರೆಲ್ಲೂ ದಪ್ಪದ್ದು ಸಿಗುತ್ತಂತೆ.”

ನಾನು ತಿರುಗಿ ಕೇಳುವುದು ಒಂದೇ ಮಾತು. ಮರಳಿನ ಚೀಲದ ಮೇಲೆ ರೈಫಲ್ ಊರಿ, ಕಾಗದದ ಗುರಿಗೆ ಐದೈದು ಗುಂಡು ಹೊಡೆದು ನೋಡಿದ್ದೀರಾ? ಹೆಚ್ಚಿನವರು ಹೊಡೆದಿರುವುದಿಲ್ಲ. ಕಾಯಿಗೆ ತಾಗಲಿಲ್ಲ, ಆದ್ದರಿಂದ ಕೋವಿ ಸರಿಯಿಲ್ಲ ಎಂದು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ.

ಇಲ್ಲೊಂದು ಲೆಕ್ಕವಿದೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿಲ್ಲ, ಅದಕ್ಕೇ ಈ ಸಲ ಬರೆದೇ ಹೇಳುತ್ತಿದ್ದೇನೆ. ಸುಸ್ಥಿತಿಯಲ್ಲಿರುವ ನಿಮ್ಮ ರೈಫಲ್ 50 ಮೀಟರಿನಲ್ಲಿ, ಊರಿ ಹೊಡೆದಾಗ, ಐದು ಗುಂಡುಗಳನ್ನು 4 ಸೆಂಟಿಮೀಟರ್ ಅಗಲದೊಳಗೆ ಇಡುತ್ತದೆ ಎಂದುಕೊಳ್ಳಿ. ಸುಲಿದ ತೆಂಗಿನಕಾಯಿಯ ಅಗಲ ಸುಮಾರು 10 ಸೆಂಟಿಮೀಟರ್. ಅಂದರೆ ಕಾಯಿಗೆ ತಾಗಿಸುವ ತಾಕತ್ತು ರೈಫಲಿಗೆ ಈಗಾಗಲೇ ಇದೆ. ಆದರೆ ಸ್ಪರ್ಧೆಯಲ್ಲಿ ಊರಿ ಹೊಡೆಯುವುದಿಲ್ಲ, ನಿಂತು ಹೊಡೆಯುತ್ತೀರಿ. ನಿಂತಾಗ ಅಭ್ಯಾಸವಿಲ್ಲದ ಕೈ 15 ಸೆಂಟಿಮೀಟರ್ ಅಗಲಕ್ಕೆ ಗುಂಡು ಚೆಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಕೈಯ ತಪ್ಪು, ಕೋವಿಯ ತಪ್ಪು ಎರಡೂ ಸೇರಿದಾಗ 15ಕ್ಕೆ 4 ಕೂಡಿ 19 ಆಗುವುದಿಲ್ಲ. ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೂ ಎಳೆಯಬಹುದು. ಹಾಗಾಗಿ ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. 225ಕ್ಕೆ 16 ಸೇರಿದರೆ 241, ಅದರ ವರ್ಗಮೂಲ ಹದಿನೈದೂವರೆ.

ಈಗ ಸಾವಿರಾರು ರೂಪಾಯಿ ಸುರಿದು ಬ್ಯಾರೆಲ್ ಬದಲಾಯಿಸಿದಿರಿ, 4 ಇದ್ದದ್ದು ಎರಡೂವರೆಗೆ ಇಳಿಯಿತು. ಮತ್ತೆ ಲೆಕ್ಕ ಹಾಕಿ: 15.2. ಉಳಿಸಿದ್ದು 3 ಮಿಲಿಮೀಟರ್! ಅದೇ, ರೈಫಲಿನ ಒಂದು ತಿರುಪನ್ನೂ ಮುಟ್ಟದೆ ನಿಮ್ಮ ಕೈಯನ್ನು 15ರಿಂದ 12ಕ್ಕೆ ತಂದುಕೊಂಡಿರಿ ಎನ್ನಿ, ಒಟ್ಟು 12.6ಕ್ಕೆ ಬರುತ್ತದೆ. ಉಳಿತಾಯ ಸುಮಾರು 3 ಸೆಂಟಿಮೀಟರ್, ಹತ್ತು ಪಟ್ಟು. ಬ್ಯಾರೆಲಿನ ದುಡ್ಡನ್ನು ಕಾಡತೂಸಿಗೆ ಹಾಕಿ ಎಂದು ನಾನು ಹೇಳುವುದು ಇದಕ್ಕೆ. ಅಂಗಡಿಗೆ ಬರುವ ವ್ಯಾಪಾರ ತಪ್ಪಿಸಿಕೊಳ್ಳುವ ಹುಚ್ಚು ನನಗಿಲ್ಲ. ಈ ಲೆಕ್ಕ ನಿಮ್ಮ ಪರವಾಗಿದೆ, ಅಷ್ಟೇ.

ಪಾಯಿಂಟ್ 22ರ ಬ್ಯಾರೆಲ್ ಬೇಗ ಸವೆಯುವುದೂ ಇಲ್ಲ. ಸೀಸದ ಗುಂಡು ಮೆದು, ಒತ್ತಡ ಕಡಿಮೆ. ನಾನು ಕಂಡ ಹಾಳಾದ ಬ್ಯಾರೆಲುಗಳಲ್ಲಿ ಹೆಚ್ಚಿನವು ಗುಂಡಿನಿಂದ ಹಾಳಾದವಲ್ಲ. ಮೂತಿಯ ಕಡೆಯಿಂದ ಕಬ್ಬಿಣದ ಕೋಲು ತುರುಕಿ ತಿಕ್ಕಿದ್ದರಿಂದಲೋ, ಮಳೆಗಾಲದಲ್ಲಿ ಸ್ಪಂಜಿನ ಕವರಿನೊಳಗೆ ಮುಚ್ಚಿಟ್ಟು ತುಕ್ಕು ಹಿಡಿದೋ ಕೆಟ್ಟವು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕವರ್ ಕೋವಿಗೆ ಶತ್ರು. ಒರೆಸಿ, ತೆಳುವಾಗಿ ಎಣ್ಣೆ ಸವರಿ, ಗಾಳಿಯಾಡುವ ಕಪಾಟಿನಲ್ಲಿ ಬೀಗ ಹಾಕಿಡಿ.

ಕೋವಿಯ ಮರದ ಹಿಡಿಯ, ಅಂದರೆ ಬಟ್ಟಿನ, ಕಥೆಯೂ ಇದೇ. ಮಳೆಗೆ ಮರ ತೇವ ಹೀರಿ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬ್ಯಾರೆಲ್ಲನ್ನೂ ಬಾಡಿಯನ್ನೂ ಮರಕ್ಕೆ ಹಿಡಿದಿಟ್ಟಿರುವ ತಿರುಪು ಅಷ್ಟರಲ್ಲಿ ಸಡಿಲವಾಗಿರುತ್ತದೆ. ಏಪ್ರಿಲಿನಲ್ಲಿ ಸರಿಯಾಗಿದ್ದ ಗುರಿ ಆಗಸ್ಟಿನಲ್ಲಿ ಎಲ್ಲೆಲ್ಲೋ ಹೋಗುವುದಕ್ಕೆ ಬಹಳ ಸಲ ಇದೇ ಕಾರಣ. ಸ್ಕೋಪಿನ ಕ್ಲಾಂಪೂ ಹಾಗೆಯೇ. ಎರಡು ತಿರುಪು ಬಿಗಿ ಮಾಡುವುದಕ್ಕೆ ನಾನು ದುಡ್ಡು ಕೇಳುವುದಿಲ್ಲ.

ಕಕ್ಕಬ್ಬೆ ಕಡೆಯ ಒಬ್ಬ ಹಿರಿಯರು ಮಗನ ಜತೆ ಬಂದಿದ್ದರು. ರೈಫಲ್ ಮೂರು ಗುಂಡಿಗೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆ, ಬೋಲ್ಟು (ಕಾಡತೂಸನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ), ಸ್ಪ್ರಿಂಗು ಎಲ್ಲ ಹೊಸದು ಹಾಕಿ ಎಂದು ಮಗನ ಹಠ. ಬೋಲ್ಟ್ ಬಿಚ್ಚಿ ದೀಪದ ಕೆಳಗೆ ಹಿಡಿದೆ. ಖಾಲಿ ಕೇಸನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಹಿಂದೆ ಗುಂಡಿನ ಮೇಣವೂ ಮದ್ದಿನ ಮಸಿಯೂ ಸೇರಿ ಕರಿ ಅಂಟಾಗಿ, ಗಟ್ಟಿಯಾಗಿ ಕೂತಿತ್ತು. ಕೊಕ್ಕೆ ಅಲುಗಾಡಲು ಜಾಗವೇ ಇಲ್ಲ. ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದೆ, ಕಾಡತೂಸು ಕೂರುವ ಚೇಂಬರಿಗೆ ಬ್ರಷ್ ಹಾಕಿದೆ. ಕೊಕ್ಕೆಯ ತುದಿ ಮೊಂಡಾಗಿತ್ತು, ಅದೊಂದನ್ನು ಮಾತ್ರ ಬದಲಾಯಿಸಿದೆ. ಹಿರಿಯರು ಮಗನಿಗೆ, “ನಾನು ಅವತ್ತೇ ಹೇಳಲಿಲ್ಲವಾ, ಒರೆಸು ಅಂತ” ಎಂದರು. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಗುಂಡು ತಪ್ಪಬಾರದೆಂದು ವರ್ಷವಿಡೀ ಕೋವಿ ಒರೆಸಿಟ್ಟುಕೊಳ್ಳುವ ತಲೆಮಾರು ಅದು. ಕನ್ನಿಕೋಂಬರೆಯಲ್ಲಿ, ಅಂದರೆ ಮನೆಯ ಪೂಜೆಯ ಕೋಣೆಯಲ್ಲಿ, ತೋಕ್ ಪೂ (ಕೋವಿ ಹೂ) ಮುಡಿಸಿ ಇಟ್ಟ ಅವರ ಕೋವಿಯನ್ನು ಕೈಗೆತ್ತಿಕೊಳ್ಳುವುದೇ ನನಗೊಂದು ಸಂತೋಷ.

ಹಾಗಾದರೆ ಏನನ್ನೂ ಬದಲಾಯಿಸಬಾರದೆ? ಹಾಗಲ್ಲ. ಸವೆದ ಎಕ್ಸ್‌ಟ್ರಾಕ್ಟರ್, ಸತ್ತ ಸ್ಪ್ರಿಂಗ್, ಗುಂಡು ತುಂಬುವ ಮ್ಯಾಗಜಿನ್‌ನ ಬಾಯಂಚು ಬಾಗಿದ್ದರೆ ಅದು, ಇವನ್ನು ಬದಲಾಯಿಸಲೇಬೇಕು. ಟ್ರಿಗರ್ ವಿಷಯದಲ್ಲೂ ನಿಮ್ಮ ಆಸೆಯಲ್ಲಿ ಅರ್ಥವಿದೆ ಎಂದು ಒಪ್ಪುತ್ತೇನೆ. ಕೋವಿಯ ಬಿಡಿಭಾಗಗಳಲ್ಲಿ ಹೊಡೆಯುವವನ ಕೈತಪ್ಪನ್ನೇ ಕಡಿಮೆ ಮಾಡುವುದು ಅದೊಂದು. ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ರೂಗರ್ 10/22, 1964ರಲ್ಲಿ ಬಂದ ರೈಫಲ್. ಅದರ ಮೂಲ ಟ್ರಿಗರ್ ಎಳೆಯಲು ಎರಡೂವರೆ ಕಿಲೋ ಆಸುಪಾಸಿನ ಒತ್ತಡ ಬೇಕು. ಅದೇ ಕಂಪನಿ ಮಾರುವ ಹಗುರದ ಟ್ರಿಗರ್ ಸೆಟ್ ಒಂದೂಕಾಲು ಕಿಲೋ ಹತ್ತಿರ. ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಆದರೆ ನಿಮ್ಮದು ಬೇರೆ ರೈಫಲಾದರೆ ಆ ಸೆಟ್ ಕೂರುವುದೇ ಇಲ್ಲ.

ಬದಲಾಯಿಸುವುದಾದರೆ ನಿಮ್ಮ ರೈಫಲಿನ ಕಂಪನಿಯದೇ ಪೂರ್ತಿ ಸೆಟ್ ಇರಲಿ. ಹಳೆಯದನ್ನೇ ಅರದಿಂದ ಉಜ್ಜಿ ಹಗುರ ಮಾಡಿಕೊಡಿ ಎಂದರೆ ಖಂಡಿತ ಮಾಡುವುದಿಲ್ಲ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಪ್ರತಿ ಗುಂಡಿಗೂ ಬೋಲ್ಟ್ ತಾನೇ ಹಿಂದೆ ಹೋಗಿ ರಭಸದಿಂದ ಮುಂದೆ ಬರುತ್ತದೆ. ಆ ಹೊಡೆತಕ್ಕೆ ಹ್ಯಾಮರ್, ಅಂದರೆ ಕಾಡತೂಸು ಸಿಡಿಸಲು ಬಡಿಯುವ ಭಾಗ, ಟ್ರಿಗರ್ ಸೆಟ್ಟಿನ ಅಂಚಿಗೆ ಸಿಕ್ಕಿ ತಡೆದು ನಿಲ್ಲಬೇಕು. ಉಜ್ಜಿದ ಅಂಚು ಅದನ್ನು ತಡೆಯದಿದ್ದರೆ ನೀವು ಬಯಸದ ಎರಡನೇ ಗುಂಡು ಹಾರುತ್ತದೆ, ಅದೂ ಕೋವಿ ಗುರಿಯಿಂದ ಮೇಲೆದ್ದಾಗ. ಪಕ್ಕದಲ್ಲಿ ನಿಂತಿರುವುದು ನಿಮ್ಮದೇ ಒಕ್ಕದ, ಅಂದರೆ ಮನೆತನದ, ಮಕ್ಕಳು. ಜತೆಗೆ, ಒತ್ತಿ ಹಿಡಿದರೆ ಸತತವಾಗಿ ಗುಂಡು ಹಾರುವ ಕೋವಿ 1959ರ ಆಯುಧ ಕಾಯ್ದೆಯಲ್ಲಿ ನಿಷೇಧಿತ ಆಯುಧ. ಅಂಥದ್ದು ಮನೆಯಲ್ಲಿ ಸಿಕ್ಕರೆ ‘ಗೊತ್ತಿರಲಿಲ್ಲ’ ಎಂಬ ಮಾತು ಎಷ್ಟು ನಡೆಯುತ್ತದೆ ಎಂಬುದನ್ನು ವಕೀಲರನ್ನೇ ಕೇಳಿ.

ಬಿಗಿ ಚೇಂಬರಿನ ಸ್ಪರ್ಧಾ ಬ್ಯಾರೆಲ್ಲೂ ನಮ್ಮ ಕಡೆಗೆ ಅಷ್ಟು ಹೊಂದುವುದಿಲ್ಲ. ಅದಕ್ಕೆ ಒಂದೇ ಜಾತಿಯ ಒಳ್ಳೆಯ ಕಾಡತೂಸು ಬೇಕು. ನಾವು ಹೊಡೆಯುವುದು ಅಂಗಡಿಯಲ್ಲಿ ಆ ತಿಂಗಳು ಸಿಕ್ಕಿದ್ದನ್ನು. ಬೋಲ್ಟಿನ ಸ್ಪ್ರಿಂಗನ್ನೂ ಸುಮ್ಮನೆ ಬದಲಾಯಿಸಬೇಡಿ: ಬೋಲ್ಟಿನ ತೂಕ, ಸ್ಪ್ರಿಂಗಿನ ಬಲ, ಗುಂಡಿನ ವೇಗ ಮೂರನ್ನೂ ಹೊಂದಿಸಿಯೇ ಕಂಪನಿ ರೈಫಲ್ ಮಾಡಿರುತ್ತದೆ.

ಇನ್ನು “ಭಾವ ಅಮೆರಿಕದಿಂದ ಬರುವಾಗ ಬ್ಯಾಗಿನಲ್ಲಿ ತರುತ್ತಾರೆ” ಎನ್ನುವವರಿಗೆ. ಆಯುಧ ಕಾಯ್ದೆಯಲ್ಲಿ ಆಯುಧವೆಂದರೆ ಅದರ ಬಿಡಿಭಾಗವೂ ಸೇರಿತು, ಹೊರದೇಶದಿಂದ ತರಲು ಪರವಾನಗಿ ಬೇಕು. ದುರಸ್ತಿ, ಪರಿವರ್ತನೆಗೂ ಪರವಾನಗಿ ಇದ್ದವರೇ ಕೈ ಹಾಕಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಅದು ಎಲ್ಲ ಬಗೆಯ ಕೋವಿಗೂ, ಎಲ್ಲ ಬದಲಾವಣೆಗೂ ಸಿಕ್ಕಿದ ಅನುಮತಿಯೆಂದು ದಯವಿಟ್ಟು ತಿಳಿಯಬೇಡಿ. ನಿಮ್ಮ ಕಾಗದದಲ್ಲಿ ಯಾವ ಬೋರ್ (ನಳಿಗೆಯ ಒಳಅಗಲ), ಯಾವ ಬಗೆ ಎಂದು ಬರೆದಿದೆಯೋ ನೋಡಿಕೊಳ್ಳಿ, ಸಂದೇಹವಿದ್ದರೆ ಮಡಿಕೇರಿಗೆ ಹೋಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಅಂಗಡಿಗೆ ಬರುವಾಗ ಮ್ಯಾಗಜಿನ್ ಬಿಚ್ಚಿ, ಚೇಂಬರ್ ಖಾಲಿ ಇದೆಯೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಂಡು ಬನ್ನಿ. ಇರುವ ಮ್ಯಾಗಜಿನ್‌ಗಳನ್ನೆಲ್ಲ ತನ್ನಿ, ಕಾಗದಪತ್ರ ತನ್ನಿ. ರೇಂಜಿನಲ್ಲಿ ಊರಿ ಹೊಡೆದ ಐದೈದು ಗುಂಡಿನ ಗುರಿಕಾಗದಗಳನ್ನೂ ತನ್ನಿ, ಯಾವ ಕಾಗದಕ್ಕೆ ಯಾವ ಕಾಡತೂಸು ಎಂದು ಪೆನ್ನಿನಲ್ಲಿ ಬರೆದಿರಲಿ. ಅವನ್ನು ನೋಡಿದ ಮೇಲೆ ಯಾವ ಭಾಗ ಬೇಕು, ಯಾವುದು ಬೇಡ ಎಂದು ಹೇಳುತ್ತೇನೆ.