ಮನೆಯೊಳಗಿನ ಯಜಮಾನಿಕೆ: ದುಡಿಮೆಯೊಂದೇ ಲೆಕ್ಕಕ್ಕೆ ಸಾಲದು

ಹಾಸನದಲ್ಲಿ ನಾನು ನಡೆಸುವ ಕೌಟುಂಬಿಕ ಆಪ್ತಸಮಾಲೋಚನೆಗೆ ಬರುವ ದಂಪತಿಗಳ ಜೊತೆ ಸಾಮಾನ್ಯವಾಗಿ ಒಬ್ಬರು ಹಿರಿಯರೂ ಬಂದಿರುತ್ತಾರೆ. ಹೆಂಡತಿಯೂ ನಾಲ್ಕು ಕಾಸು ದುಡಿಯುವಂತಾದರೆ ಅವಳ ಮಾತಿಗೂ ಮನೆಯಲ್ಲಿ ಬೆಲೆ ಬರುತ್ತದೆ ಎಂಬುದು ಅವರ ಸಲಹೆ. ಸಮಾಜಶಾಸ್ತ್ರದಲ್ಲಿ ಇದಕ್ಕೆ ಸಿದ್ಧಾಂತದ ಬೆಂಬಲವೂ ಇದೆ, ಆದರೆ ಆ ಬೆಂಬಲ ಅರ್ಧದಾರಿಯವರೆಗೆ ಮಾತ್ರ.

ಹೊರಗಿನ ದುಡಿಮೆ ಗಂಡಿನದು, ಮನೆಯವರ ಮನಸ್ಸು ಕಾಯುವುದು ಹೆಣ್ಣಿನದು, ಈ ಹಂಚಿಕೆಯಿಂದಲೇ ಕುಟುಂಬ ನಿಲ್ಲುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಟಾಲ್ಕಟ್ ಪಾರ್ಸನ್ಸ್ ಮತ್ತು ರಾಬರ್ಟ್ ಬೇಲ್ಸ್ 1955ರಲ್ಲಿ ವಾದಿಸಿದರು. ನಸುಕಿನಲ್ಲಿ ಹಾಲು ಕರೆದು, ಅಡುಗೆ ಮುಗಿಸಿ, ಎಂಟು ಗಂಟೆಗೆಲ್ಲ ಕಾಫಿ ಹಣ್ಣು ಕುಯ್ಯಲು ನಿಲ್ಲುವ ಸಕಲೇಶಪುರ ಸೀಮೆಯ ಹೆಣ್ಣುಮಕ್ಕಳನ್ನು ಈ ಚೌಕಟ್ಟಿನೊಳಗೆ ಎಲ್ಲಿ ಕೂರಿಸುವುದೋ ನನಗೆ ತಿಳಿಯದು.

ಹೆಚ್ಚು ಉಪಯೋಗಕ್ಕೆ ಬರುವುದು ರಾಬರ್ಟ್ ಬ್ಲಡ್ ಮತ್ತು ಡೊನಾಲ್ಡ್ ವುಲ್ಫ್ 1960ರಲ್ಲಿ ಪ್ರಕಟಿಸಿದ, ಅಮೆರಿಕದ ಡೆಟ್ರಾಯ್ಟ್ ನಗರದ ಅಧ್ಯಯನ. ಗಂಡ ಯಾವ ಕೆಲಸ ಹಿಡಿಯಬೇಕು, ಯಾವ ಕಾರು ಕೊಳ್ಳಬೇಕು, ಯಾವ ಡಾಕ್ಟರ ಬಳಿ ಹೋಗಬೇಕು, ವಾರಕ್ಕೆ ಊಟದ ಖರ್ಚೆಷ್ಟು ಎಂಬಂತಹ ಎಂಟು ವಿಷಯಗಳಲ್ಲಿ ಕೊನೆಯ ಮಾತು ಯಾರದೆಂದು ಅವರು ಕೇಳಿದರು. ಆದಾಯ, ವಿದ್ಯೆ, ಸ್ಥಾನಮಾನ ಯಾರ ಕಡೆ ಹೆಚ್ಚೋ ಅವರ ಮಾತೇ ಹೆಚ್ಚು ನಡೆಯುತ್ತದೆ ಎಂಬ ತೀರ್ಮಾನಕ್ಕೂ ಬಂದರು. ಆದರೆ ಅವರು ಕೇಳಿದ್ದು ಹೆಂಡತಿಯರನ್ನು ಮಾತ್ರ. ಅದಕ್ಕಿಂತ ದೊಡ್ಡ ದೋಷವೆಂದರೆ ಎಂಟೂ ತೀರ್ಮಾನಗಳಿಗೆ ಒಂದೇ ತೂಕ ಕೊಟ್ಟದ್ದು. ಈ ವಾರ ಸಾರಿಗೆ ಯಾವ ಕಾಳು ಎಂಬುದನ್ನೂ ಕಾಫಿಯನ್ನು ಈಗಲೇ ಮಾರುವುದೋ ಬೆಲೆ ಏರಲೆಂದು ಕಾಯುವುದೋ ಎಂಬುದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಮಲೆನಾಡಿನ ಪ್ರತಿ ಮನೆಯಲ್ಲೂ ಸಮಾನತೆ ಕಂಡೀತು.

ಸಂಪಾದನೆ ಯಾರದೆಂದು ಎಣಿಸುವುದೂ ಸುಲಭವಲ್ಲ. ಅರಸೀಕೆರೆ ಕಡೆಯಿಂದ ಬಂದಿದ್ದ ಒಬ್ಬಾಕೆ, ‘ನನ್ನ ದುಡಿಮೆ ಏನಿಲ್ಲ ಮೇಡಂ, ಮನೇಲೇ ಇರೋದು’ ಎಂದರು. ಅವರ ಚೀಲದಲ್ಲಿ ಹಾಲಿನ ಡೈರಿಯ ಪುಸ್ತಕವಿತ್ತು: ಬೆಳಿಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು, ಪಕ್ಕದಲ್ಲಿ ಫ್ಯಾಟ್, ಮೊದಲ ಪುಟದಲ್ಲಿ ಸದಸ್ಯನೆಂದು ಗಂಡನ ಹೆಸರು. ಮೇವು ಕೊಯ್ದು ತರುವುದು, ಕರೆಯುವುದು, ಕ್ಯಾನು ಹೊತ್ತು ಹಾಲು ಹಾಕಿ ಬರುವುದು ಎಲ್ಲವೂ ಆಕೆಯದೇ. ಬಟವಾಡೆ ಬೀಳುವುದು ಗಂಡನ ಖಾತೆಗೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಯ ಖಾತೆಗೇ ಬರುತ್ತಿತ್ತು. ಹಾಲಿನ ಹಣಕ್ಕಿಂತ ಅದು ಕಡಿಮೆಯಾದರೂ ಮಗಳ ಫೀಸಿನ ವಿಷಯದಲ್ಲಿ ಆಕೆ ಮೊದಲ ಬಾರಿಗೆ ಪಟ್ಟು ಹಿಡಿದದ್ದು ಆ ಹಣ ಕೈಯಲ್ಲಿದ್ದಾಗಲೇ.

ನೆದರ್ಲೆಂಡ್ಸಿನ ಆಫ್ಕೆ ಕೋಮ್ಟರ್ 1989ರಲ್ಲಿ ದಂಪತಿಗಳನ್ನು ಕುರಿತು ಬರೆದಾಗ, ಜಗಳವಿಲ್ಲದ ಮನೆಯಲ್ಲೂ ಅಧಿಕಾರ ಕೆಲಸ ಮಾಡುತ್ತಿರುತ್ತದೆ ಎಂದು ತೋರಿಸಿದರು. ಹೇಗೂ ಒಪ್ಪುವುದಿಲ್ಲವೆಂದು ಮೊದಲೇ ಊಹಿಸಿ ಹೆಂಡತಿ ಆ ಮಾತನ್ನೇ ಎತ್ತುವುದಿಲ್ಲ. ‘ಅವರು ಯಾವತ್ತೂ ಬೇಡ ಅಂದಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರನ್ನು, ಕೊನೆಯದಾಗಿ ಏನು ಕೇಳಿದ್ದಿರಿ ಎಂದು ನಾನು ವಿಚಾರಿಸುವುದು ಇದಕ್ಕಾಗಿಯೇ.

ಇನ್ನು ಅತ್ತೆ-ಸೊಸೆ ವ್ಯಾಜ್ಯ. ಹೆಣ್ಣಿಗೆ ಹೆಣ್ಣೇ ಶತ್ರು ಎಂದು ಗಂಡಸರು ಇದನ್ನು ನಗುತ್ತಾ ಮುಗಿಸಿಬಿಡುತ್ತಾರೆ. ಟರ್ಕಿ ಮೂಲದ ಡೆನಿಜ್ ಕಂಡಿಯೋಟಿ 1988ರಲ್ಲಿ ಕೊಟ್ಟ ವಿವರಣೆ ಇದಕ್ಕಿಂತ ಆಳವಾದದ್ದು. ಸೊಸೆಯಾಗಿ ಬಂದವಳಿಗೆ ಆ ಮನೆಯಲ್ಲಿ ಆಸ್ತಿಯೂ ಇಲ್ಲ, ಅಧಿಕಾರವೂ ಇಲ್ಲ. ಗಂಡು ಮಕ್ಕಳನ್ನು ಹೆತ್ತು, ವಯಸ್ಸಾಗಿ, ಮಗನ ಮೂಲಕ ಸೊಸೆಯ ಮೇಲೆ ಹತೋಟಿ ಸಿಗುವುದೇ ಆಕೆ ಸಹಿಸಿದ್ದಕ್ಕೆಲ್ಲ ಇರುವ ಪ್ರತಿಫಲ. ಆ ಹೊತ್ತಿಗೆ ಮಗ ಹೆಂಡತಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟರೆ, ಆ ತಾಯಿಗೆ ಇಡೀ ಆಯುಷ್ಯದ ಒಪ್ಪಂದವೇ ಮುರಿದಂತಾಗುತ್ತದೆ. ನನ್ನ ಮುಂದೆ ಕುಳಿತು ಗದರುವ ಅತ್ತೆಯಂದಿರಲ್ಲಿ ಕ್ರೌರ್ಯಕ್ಕಿಂತ ಈ ದಿಗಿಲನ್ನೇ ನಾನು ಹೆಚ್ಚು ಕಂಡಿದ್ದೇನೆ, ಆ ಕಾರಣಕ್ಕೆ ಸೊಸೆಗೆ ಆಗುವ ನೋವೇನೂ ಕಡಿಮೆಯಾಗುವುದಿಲ್ಲವಾದರೂ.

ಇದೇ ಲೆಕ್ಕಾಚಾರ ತವರಿನ ಆಸ್ತಿಯಲ್ಲೂ ನಡೆಯುತ್ತದೆ. ಕರ್ನಾಟಕವು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಆದರೆ ಅಂದು ಮದುವೆಯಾಗಿರದವರಿಗೆ ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆಗ ತಂದೆ ಬದುಕಿರಬೇಕಾದ ಅಗತ್ಯವೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಇಷ್ಟಾದರೂ ಅಕ್ಕತಂಗಿಯರು ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಇದನ್ನು ಅಜ್ಞಾನವೆಂದು ನಾನು ಕರೆಯಲಾರೆ. ಗಂಡನ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಹೋಗಿ ನಿಲ್ಲಲು ಅಣ್ಣನ ಮನೆಯ ಬಾಗಿಲು ತೆರೆದಿರಲಿ ಎಂದು ಆಕೆ ತೆರುವ ಬೆಲೆ ಅದು. ಆದರೆ ಹೆಣ್ಣಿನ ಹೆಸರಿನಲ್ಲಿರುವ ಭೂಮಿಯೇ ಮನೆಯೊಳಗೆ ಅವಳ ಚೌಕಾಸಿಯ ಬಲವನ್ನು ಹೆಚ್ಚಿಸುತ್ತದೆ ಎಂದು ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ವಾದಿಸಿದ್ದಾರೆ. ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಸಹಿ ಹಾಕಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪಹಣಿ ತೆಗೆಸಿ, ಬಿಟ್ಟುಕೊಡುತ್ತಿರುವುದು ಎಷ್ಟು ಎಕರೆ ಎಷ್ಟು ಗುಂಟೆ ಎಂದು ಓದಿಕೊಂಡ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಎನ್ನುತ್ತೇನೆ. ಅದೆಷ್ಟೆಂದು ಕೇಳಿದಾಗ ಉತ್ತರ ಗೊತ್ತಿದ್ದವರು ನನ್ನಲ್ಲಿಗೆ ಬಂದವರಲ್ಲಿ ಬಹಳ ಕಡಿಮೆ.