ಗುರುತ್ವದ ವೇಗ: ಲಾಪ್ಲಾಸ್ ಲೆಕ್ಕದಿಂದ 1.7 ಸೆಕೆಂಡಿನವರೆಗೆ

ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗುರುತ್ವ ನಿಯಮದಲ್ಲಿ ಕಾಯಗಳ ದ್ರವ್ಯರಾಶಿಗೂ ಅವುಗಳ ನಡುವಣ ದೂರಕ್ಕೂ ಜಾಗವಿದೆ, ಕಾಲಕ್ಕೆ ಇಲ್ಲ. ಅದರಂತೆ ಸೂರ್ಯ ತುಸು ಕದಲಿದರೂ ಪರಿಣಾಮ ಆ ಕ್ಷಣವೇ ಭೂಮಿಗೆ ತಟ್ಟಬೇಕು. ಬೆಳಕಿಗಾದರೋ ಅಷ್ಟು ದೂರ ಕ್ರಮಿಸಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು. ನಡುವೆ ಏನೂ ಇಲ್ಲದೆ ಒಂದು ಕಾಯ ಇನ್ನೊಂದನ್ನು ಸೆಳೆಯುತ್ತದೆಂಬುದು ಸ್ವತಃ ನ್ಯೂಟನ್ನರಿಗೂ ಒಪ್ಪಿಗೆಯಿರಲಿಲ್ಲ. ಆದರೆ ಗ್ರಹಗಳ ಲೆಕ್ಕ ಸರಿಬರುತ್ತಿದ್ದುದರಿಂದ ಆ ತಕರಾರು ಬದಿಗೆ ಸರಿಯಿತು.

ಗುರುತ್ವ ಸಾಗಲು ಸಮಯ ಬೇಕೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ನೇರವಾಗಿ ಸುರಿಯುವ ಮಳೆಯೂ ಬಿರುಸಾಗಿ ನಡೆಯುವವರ ಮುಖಕ್ಕೆ ಓರೆಯಾಗಿ ಬಡಿಯುತ್ತದೆ. ಚಲಿಸುವ ಭೂಮಿಗೆ ಸೂರ್ಯನ ಬೆಳಕು ಹೀಗೆಯೇ ಸುಮಾರು 20 ವಿಕಲೆಯಷ್ಟು (ಒಂದು ವಿಕಲೆ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ) ಓರೆಯಾಗಿ ಬರುತ್ತದೆ. ಗುರುತ್ವಕ್ಕೂ ಸಾಗಲು ಸಮಯ ಬೇಕಿದ್ದು ಸೆಳೆತವೂ ಹೀಗೆ ಓರೆಯಾದರೆ ಯಾವ ಕಕ್ಷೆಯೂ ಸ್ಥಿರವಾಗಿ ಉಳಿಯಲಾರದು; ವೇಗ ಹೆಚ್ಚಿದಷ್ಟೂ ಈ ಓರೆ ಕಡಿಮೆ. ಚಂದ್ರನ ಚಲನೆಯನ್ನು ಆಧಾರವಾಗಿಟ್ಟುಕೊಂಡು 1805ರಲ್ಲಿ ಅವರು ಕಂಡ ಉತ್ತರ, ಗುರುತ್ವದ ವೇಗ ಬೆಳಕಿನ ವೇಗದ ಕನಿಷ್ಠ 70 ಲಕ್ಷ ಪಟ್ಟು ಇರಬೇಕು ಎಂಬುದು. ಅವರ ಗಣಿತದಲ್ಲಿ ದೋಷ ಹುಡುಕುವುದು ವ್ಯರ್ಥ; ಸೆಳೆತದ ಬಲ ಕಾಯದ ಸ್ಥಾನವನ್ನಷ್ಟೇ ಅವಲಂಬಿಸಿದೆ ಎಂಬ ಊಹೆಯೇ ಅಪೂರ್ಣವಾಗಿತ್ತು.

ಬಲವು ಕಾಯಗಳ ವೇಗವನ್ನೂ ಅವಲಂಬಿಸಿದ್ದರೆ ಆ ಓರೆ ಬಹುಮಟ್ಟಿಗೆ ರದ್ದಾಗುತ್ತದೆ, ಆಗ ಗುರುತ್ವ ಬೆಳಕಿನ ವೇಗದಲ್ಲೇ ಸಾಗಬಹುದು ಎಂದು ಫ್ರೆಂಚ್ ಗಣಿತಜ್ಞ ಪಾಯಿಂಕರೆ 1905ರಲ್ಲಿ ಸೂಚಿಸಿದರು. ಹತ್ತು ವರ್ಷಗಳ ನಂತರ ಬಂದ ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದಲ್ಲಿ ಈ ರದ್ದತಿ ತಾನಾಗಿಯೇ ಒದಗಿಬರುತ್ತದೆ. ಆದರೆ ಪೂರ್ತಿಯಾಗಿ ಅಲ್ಲ: ಉಳಿಯುವ ಅತಿ ಸಣ್ಣ ಅಂಶ ಗುರುತ್ವ ಅಲೆಗಳಾಗಿ, ಅಂದರೆ ದೇಶಕಾಲದಲ್ಲೇ ಹರಡುವ ಕಂಪನಗಳಾಗಿ, ಶಕ್ತಿಯನ್ನು ಹೊತ್ತೊಯ್ದು ಕಕ್ಷೆಯನ್ನು ಕುಗ್ಗಿಸುತ್ತದೆ. ಖಗೋಳವಿಜ್ಞಾನಿಗಳಾದ ಹಲ್ಸ್ ಮತ್ತು ಟೇಲರ್ 1974ರಲ್ಲಿ ಪತ್ತೆಹಚ್ಚಿದ ಜೋಡಿ ನಕ್ಷತ್ರಗಳು ಸುಮಾರು 7.75 ಗಂಟೆಗೊಮ್ಮೆ ಪರಸ್ಪರ ಸುತ್ತುತ್ತವೆ. ಈ ಅವಧಿ ವರ್ಷಕ್ಕೆ ಸುಮಾರು 76 ಮೈಕ್ರೋಸೆಕೆಂಡಿನಷ್ಟು ಕಡಿಮೆಯಾಗುತ್ತಿದೆ. ಕಕ್ಷೆ ಕೆಡುತ್ತದೆಂಬ ಲಾಪ್ಲಾಸರ ಆತಂಕ, ಹಾಗೆ ನೋಡಿದರೆ, ಪೂರ್ತಿ ಹುಸಿಯಲ್ಲ.

ಇದೆಲ್ಲ ಪರೋಕ್ಷ ಸಾಕ್ಷ್ಯ. ಕ್ವೇಸಾರ್ (ಅತಿ ದೂರದ ಗೆಲಾಕ್ಸಿಯೊಂದರ ಪ್ರಖರ ಕೇಂದ್ರ) ಒಂದರಿಂದ ಹೊರಟು 2002ರಲ್ಲಿ ಗುರುಗ್ರಹದ ಬಳಿ ಹಾದುಬಂದ ರೇಡಿಯೊ ಅಲೆಗಳಿಂದ ಗುರುತ್ವದ ವೇಗ ಅಳೆದೆವೆಂಬ ಘೋಷಣೆ ಹೊರಬಿತ್ತಾದರೂ, ಅಳೆದದ್ದು ಬೆಳಕಿನ ವೇಗವನ್ನೇ ಎಂದು ಹಲವರು ಆಕ್ಷೇಪಿಸಿದರು. ನೇರ ಹೋಲಿಕೆ ದೊರೆತದ್ದು 2017ರ ಆಗಸ್ಟ್ 17ರಂದು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ಭಾರಿ ನಕ್ಷತ್ರಗಳ ಅತಿ ಸಾಂದ್ರ ತಿರುಳುಗಳು) ವಿಲೀನಗೊಂಡಾಗ ಹೊಮ್ಮಿದ ಗುರುತ್ವ ಅಲೆಗಳನ್ನು ಲೈಗೊ ಮತ್ತು ವರ್ಗೊ ವೀಕ್ಷಣಾಲಯಗಳು ದಾಖಲಿಸಿದವು. ವಿಲೀನದ ಸಂಕೇತ ಮುಟ್ಟಿದ ಸುಮಾರು 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳು ಕಂಡವು; ಇವು ಬೆಳಕಿನದೇ ಒಂದು ರೂಪ, ಬೆಳಕಿನ ವೇಗದಲ್ಲೇ ಸಾಗುತ್ತವೆ. ಈ ಅಂತರವೂ ದಾರಿಯಲ್ಲಿ ಉಂಟಾದದ್ದೆಂದು ಹೇಳಲಾಗದು, ಏಕೆಂದರೆ ಗಾಮಾ ಕಿರಣಗಳು ಹೊರಟದ್ದೇ ತಡವಾಗಿರಬಹುದು. ಅಂಥ ವಿಳಂಬಕ್ಕೆ 10 ಸೆಕೆಂಡಿನವರೆಗೆ ಅವಕಾಶ ಕೊಟ್ಟು ಲೆಕ್ಕ ಹಾಕಿದರೂ, ಎರಡು ವೇಗಗಳ ವ್ಯತ್ಯಾಸ 100 ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ.